ಹನ್ನೆರಡು ಕಂತು ನೋಡಿದವಳು

ಕಾರ್ಟೂನ್ ಅಂದೆ.
ಗೋರೆಗಾಂವ್ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ
ಮೂರು ತಲೆಗಳು ಒಟ್ಟಿಗೆ ತಿರುಗಿದವು:
ಒಂದು ನೀಲಿ, ಒಂದು ಬೆಳ್ಳಿ, ಒಂದು ಹಣ್ಣಾದ ಟೊಮೆಟೊ.
"ಅನಿಮೆ, ಅತ್ತೆ" ಎಂದಳು ಪ್ರಾಪ್ತಿ,
ಸತ್ತವರ ಮನೆಯಲ್ಲಿ ನಕ್ಕವರನ್ನು
ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸುವ ದನಿಯಲ್ಲಿ.

ನಾನೂ ನೋಡಿದ್ದೇನಪ್ಪಾ, ಹನ್ನೆರಡು ಕಂತು.
ಆಡಿಟ್ ಕಚೇರಿಯವಳಿಗೆ ಮಾರ್ಚ್‌ನಲ್ಲೇ ಕಾಮಾಲೆ ಬಂದ ವರ್ಷ
ಇವಳದೇ ಟ್ಯಾಬು ದಿಂಬಿಗೆ ಆನಿಸಿಕೊಂಡು
ಅರ್ಧ ಕಣ್ಣಲ್ಲಿ. ಹೆಸರು ನೆನಪಿಲ್ಲ.
ಒಬ್ಬ ಹುಡುಗ ದೀಪಸ್ತಂಭ ಕಾಯುತ್ತಿದ್ದ,
ಅವನ ಅಕ್ಕ ಕಡಲಾಗಿಬಿಟ್ಟಿದ್ದಳು.
ಏಳನೆಯದರಲ್ಲಿ ನಿದ್ದೆ ಹೋದೆ, ಒಂಬತ್ತನೆಯದರಲ್ಲಿ ಎದ್ದೆ,
ಏನೂ ತಪ್ಪಿದಂತೆ ಅನಿಸಲಿಲ್ಲ.
ಇದನ್ನು ಹೇಳಬಾರದಿತ್ತು.

"ಮೂಲದ್ದೋ, ಡಬ್ಬಿಂಗೋ?" ಕೇಳಿದ ಆಲ್ಡ್ರಿನ್,
ಬೆನ್ನಿಗೆ ಆರಡಿ ಥರ್ಮಾಕೋಲು ಕತ್ತಿ.
"ಹಿಂದಿ. ಗಂಜಿ ಕಲಕುತ್ತಾ ಕೆಳಗಿನ ಅಕ್ಷರ ಓದೋಕಾಗತ್ತಾ?"
ಮಡಿಯ ಪಂಕ್ತಿಯಲ್ಲಿ ಬಂಗುಡೆ ಬಡಿಸಿದ ಹಾಗೆ
ಒಂದು ಮೌನ.

ಸಭಾಂಗಣದ ತುಂಬ ಅಂಟಿನ ವಾಸನೆ.
ರೆಕ್ಕೆ ಬಾಗಿಲಲ್ಲಿ ಸಿಕ್ಕಿ
ಏಡಿಯಂತೆ ಅಡ್ಡಡ್ಡ ನಡೆಯುವ ದೇವದೂತ,
ಶೌಚಾಲಯದ ಸಾಲಿನಲ್ಲಿ ಕೊಂಬು ಹಿಡಿದು ನಿಂತ ರಾಕ್ಷಸಿ.
ಒಬ್ಬ ಹುಡುಗ ಭುಜಕವಚ ತಟ್ಟಿ ತೋರಿಸಿದ:
"ಯೋಗದ ಚಾಪೆ, ಆಂಟಿ. ಹನ್ನೊಂದು ವಾರ."
ಹನ್ನೊಂದು ವಾರ! ಬಿಲ್ಲಿಲ್ಲ, ರಸೀದಿಯಿಲ್ಲ,
ಯಾವ ಖಾತೆಗೆ ಬರೆಯುವುದು ಇದನ್ನು?
ಮೂಲೆಯಲ್ಲಿ ಜಗಳ, ಯಾರೋ ಅತ್ತದ್ದು ಯಾಕೆಂದು,
ಕಂತು, ನಿಮಿಷ, ಸೆಕೆಂಡು ಸಮೇತ.
ನಗು ತಡೆಯಲು ನೀರು ಕುಡಿದೆ.

ನೀರು ಕುಡಿಯುವಾಗಲೇ ಐತಪ್ಪ ಮಾವ ನೆನಪಾದರು.
ಲಾಲ್‌ಬಾಗಿನ ಮಿಲ್ ಕ್ಯಾಂಟೀನಿನಲ್ಲಿ ಚಹಾ ಸೋಸುತ್ತಾ
ತೆಂಕೋ ಬಡಗೋ ಎಂದು ಬೆಳಗು ಮಾಡಿದವರು.
ವೇಷಧಾರಿಯೊಬ್ಬ ಮೇಳ ಬಿಟ್ಟನೆಂದು
ಮೂರು ದಿನ ಗಡ್ಡ ಬೋಳಿಸದವರು.
ಮಾಟುಂಗಾದ ಆಟ ಮುಗಿದು, ಕೊನೆಯ ಲೋಕಲಿನಲ್ಲಿ
ಕಿರೀಟಕ್ಕೆ ಸೀಟು ಕೊಟ್ಟು ತಾವು ನಿಂತು ಬಂದವರು.
"ಮಗ ಎಷ್ಟನೇ ಕ್ಲಾಸು ಕೇಳಿ ನೋಡು ಇವರನ್ನ"
ಅನ್ನುತ್ತಿದ್ದರು ಅತ್ತೆ.
ನಾನು? ಕಂಬಕ್ಕೊರಗಿ ನಿದ್ದೆ.
ಚೆಂಡೆ ಜೋರಾದಾಗ ಎದ್ದು
ಯಾರು ಸತ್ತದ್ದು ಎಂದು ಕೇಳುವುದು.

ಅಲ್ಲಿ, ಪುಸ್ತಕದ ಮಳಿಗೆಯ ಪಕ್ಕ,
ಮನೆಯಲ್ಲಿ "ಹೂಂ", "ಸಾಕು" ಬಿಟ್ಟು ಬೇರೆ ಮಾತಿಲ್ಲದ ಪ್ರಾಪ್ತಿ
ಗುರುತಿಲ್ಲದ ಹುಡುಗಿಯೊಬ್ಬಳ ಜೊತೆ
ಅರ್ಧ ಗಂಟೆ, ಉಸಿರು ಬಿಡದೆ.
ಇಬ್ಬರದೂ ಒಂದೇ ವೇಷ.
ಇವಳ ಹರಿದ ತೋಳಿನ ಪಿನ್ನು ಅವಳ ಹಲ್ಲಿನ ನಡುವೆ.
ಕರೆಯೋಣವೆಂದು ಹೋದವಳು
ಹೋಗಿ, ಒಂದು ಕಾಫಿ ಕುಡಿದು ಬಂದೆ.

ಏಳೂ ನಲವತ್ತರ ವಿರಾರ್ ಸ್ಲೋ, ಹೆಂಗಸರ ಡಬ್ಬಿ.
ನೀಲಿ ಕೂದಲು ಪ್ಲಾಸ್ಟಿಕ್ ಚೀಲದಲ್ಲಿ,
ಬೆಳಗಿನ ಮಿನುಗೆಲ್ಲ ನನ್ನ ಹೆಗಲ ಮೇಲೆ, ಅವಳಿಗೆ ನಿದ್ದೆ.
ಖಾಲಿ ಮೀನುಬುಟ್ಟಿಯವಳು ಕೇಳಿದಳು:
ಶಾಲೆಯ ನಾಟಕವಾ?
"ಕಾರ್ಟೂನ್ ಗ ತೇ" ಎಂದಳು ಕಿಟಕಿಯವಳು.

"ಕಾರ್ಟೂನ್ ಅಲ್ಲ ಬಾಯಿ"
ಎಂದದ್ದು ಯಾರೆಂದು ನೋಡಿದರೆ ನಾನು.
"ಒಬ್ಬ ಹುಡುಗ ಇರ್ತಾನೆ, ದೀಪಸ್ತಂಭ ಕಾಯೋನು.
ಅವನ ಅಕ್ಕ ಒಂದಿನ ಕಡಲಾಗಿಬಿಡ್ತಾಳೆ..."
ಬೋರಿವಲಿ ಹೋಯಿತು, ದಹಿಸರ್ ಹೋಯಿತು.
"ಕಡಲು ಯಾಕಾದಳು?" ಬುಟ್ಟಿಯವಳು ಬಿಡಲಿಲ್ಲ.
"ಸುಮ್ಮನೆ ಯಾರೂ ಕಡಲಾಗಲ್ಲ. ಯಾರಾದರೂ ಏನಾದರೂ ಅಂದರಾ?"

ಅದೇ, ಏಳರಿಂದ ಒಂಬತ್ತು.
ಭಾಯಂದರದ ಖಾಡಿ ಕೆಳಗೆ ಕಪ್ಪಗೆ ಬಂತು,
ಸೇತುವೆಯ ಸದ್ದಿನಲ್ಲಿ ಎಲ್ಲರ ಬಾಯೂ ಮುಚ್ಚಿತು.

ಸದ್ದು ನಿಂತಾಗ, ಕಣ್ಣು ಬಿಡದೆಯೇ,
"ಎಂಟನೇ ಕಂತು" ಎಂದಳು ಪ್ರಾಪ್ತಿ.
ಬುಟ್ಟಿಯವಳು ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿ
ಅವಳ ಕಡೆ ತಿರುಗಿ ಕೂತಳು.